ಸ್ಟಿಕರಿಗೆ ಬ್ಯಾರೆ ರೊಕ್ಕ

ಏಪ್ರಿಲ್‌ನಾಗ ಕಲಬುರಗಿ ಬಿಸಿಲು ಹೆಂಗಿರ್ತದ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಸುಪರ್ ಮಾರ್ಕೆಟ್‌ನ ಅರ್ಧ ಅಂಗಡಿಗಳು ಪರದೆ ಇಳಿಬಿಟ್ಟು ಕೂತಿರುತ್ತವೆ. ಹೋದ ವರ್ಷ ಅಂಥದ್ದೇ ಹೊತ್ತಿನಲ್ಲಿ ಜೇವರ್ಗಿ ಕಡೆಯ ಹೆಣ್ಣುಮಗಳೊಬ್ಬರು ಮಗನನ್ನು ಕರಕೊಂಡು ನಮ್ಮ ಸ್ಪೋರ್ಟ್ಸ್ ಅಂಗಡಿಗೆ ಬಂದರು. ಹುಡುಗನಿಗೆ ಹನ್ನೊಂದೋ ಹನ್ನೆರಡೋ. ಬ್ಯಾಟ್ ಬೇಕಿತ್ತು.

ಎರಡು ಬ್ಯಾಟ್ ತೆಗೆದಿಟ್ಟೆ. ಎರಡೂ ಮೀರತ್‌ನಿಂದ ಒಂದೇ ಪಾರ್ಸಲ್‌ನಲ್ಲಿ ಬಂದ ಮಾಲು, ಟೆನಿಸ್ ಬಾಲಿಗೆ ಆಡುವಂಥವು. ಒಂದರ ಮೇಲೆ ಯಾರೂ ಕೇಳಿರದ ಹೆಸರು. ಇನ್ನೊಂದರ ಮೇಲೆ ಕೆಂಪಕ್ಷರದ ಎಂಆರ್‌ಎಫ್. ಹುಡುಗ ಮೊದಲನೆಯದನ್ನು ಮುಟ್ಟಿಯೂ ನೋಡಲಿಲ್ಲ.

"ಯವ್ವಾ, ಇದು ಕೊಹ್ಲಿದು."

"ಎಷ್ಟರೀ ಅಣ್ಣಾರ ಇದು?"

"ಒಂಬೈನೂರು, ಅಕ್ಕಾರ. ಅದು ಏಳ್ನೂರೈವತ್ತು."

ತಾಯಿ ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದು ತೂಗಿ ನೋಡಿದರು. ಬೆರಳಿನಿಂದ ಮರ ಸವರಿದರು. "ಎರಡೂ ಒಂದಾ ಅದಾವಲ್ರೀ. ನೂರೈವತ್ತು ಯಾತರದು?"

"ಸ್ಟಿಕರಿಂದು, ಅಕ್ಕಾರ."

ಸುಳ್ಳು ಹೇಳಲಿಲ್ಲ. ಆ ಸ್ಟಿಕರು ಕಂಪನಿಯದ್ದಲ್ಲ ಅನ್ನುವುದೂ ನನಗೆ ಗೊತ್ತು. ಹಾಳೆಗಟ್ಟಲೆ ಬರುತ್ತವೆ, ನಾವೇ ಅಂಟಿಸುತ್ತೇವೆ. ಹುಡುಗನನ್ನೂ ಕೇಳಿದೆ: "ಇದು ಕೊಹ್ಲಿ ಆಡೋ ಬ್ಯಾಟ್ ಅಲ್ಲ, ಗೊತ್ತದ ಇಲ್ಲೋ?"

"ಗೊತ್ತದರಿ ಕಾಕಾ. ಆದ್ರ ಇದು ಇದ್ರ ಗಲ್ಯಾಗ ನಂಗ ಮೊದ್ಲು ಬ್ಯಾಟಿಂಗ್ ಕೊಡ್ತಾರ."

ತಾಯಿ ಸೆರಗಿನ ಗಂಟು ಬಿಚ್ಚಿ ಒಂಬೈನೂರು ಎಣಿಸಿದರು. "ಕೊಡ್ರಿ ಅದಾ. ಇಲ್ಲಾಂದ್ರ ಮೂರು ದಿನ ಉಣ್ಣಂಗಿಲ್ಲ ಇಂವ."

ಜಾಹೀರಾತು ನೋಡಿ ಜನ ಮರುಳಾಗುತ್ತಾರೆ ಅಂತ ಭಾಷಣ ಮಾಡುವವರನ್ನು ಕಂಡಾಗಲೆಲ್ಲ ನನಗೆ ಈ ತಾಯಿ-ಮಗ ನೆನಪಾಗುತ್ತಾರೆ. ಅಲ್ಲಿ ಮರುಳಾದವರು ಯಾರು? ರೊಕ್ಕ ಕೊಟ್ಟಾಕೆಗೆ ಮರದ ಲೆಕ್ಕ ಸರಿಯಾಗಿ ತಿಳಿದಿತ್ತು. ಹುಡುಗನಿಗೂ ಗಲ್ಲಿಯ ಲೆಕ್ಕ ಪಕ್ಕಾ ಇತ್ತು. ಆಟಗಾರನ ಹೆಸರಿನಿಂದ ವಸ್ತುವಿನ ಗುಣ ಹೆಚ್ಚುತ್ತದೆ ಅಂತ ನಂಬದವರ ಕೈಯಿಂದಲೂ ಆ ಹೆಸರು ದುಡ್ಡು ಹೊರಡಿಸುತ್ತದೆ.

ಎಂಆರ್‌ಎಫ್ ಅಂದರೆ ಟೈರು. ಮದ್ರಾಸ್ ರಬ್ಬರ್ ಫ್ಯಾಕ್ಟರಿ. 1996ರ ವಿಶ್ವಕಪ್ ನೋಡಿದವರಿಗೆ ನೆನಪಿರಬಹುದು, ಸಚಿನ್ ಬ್ಯಾಟಿನ ಮೇಲೆ ಸ್ಟಿಕರೇ ಇರಲಿಲ್ಲ. ಟೂರ್ನಿಯ ಹೆಸರೇ ವಿಲ್ಸ್, ಸಿಗರೇಟಿನದು. ತಂಬಾಕು, ಹೆಂಡಗಳ ಪ್ರಚಾರ ಮಾಡುವುದಿಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೆ ಎಂದು ಸಚಿನ್ನೇ ಮುಂದೆ ಹೇಳಿಕೊಂಡಿದ್ದಾರೆ. ಆ ಬೋಳು ಬ್ಯಾಟಿನಲ್ಲೇ 523 ರನ್ ಹೊಡೆದರು, ಆ ವಿಶ್ವಕಪ್ಪಿನಲ್ಲಿ ಅಷ್ಟು ಬೇರೆ ಯಾರೂ ಹೊಡೆಯಲಿಲ್ಲ. ಆಮೇಲೆ ಆ ಬ್ಯಾಟಿನ ಮೇಲೆ ಬಂದದ್ದು ಈ ಟೈರ್ ಕಂಪನಿಯ ಹೆಸರು. ಕವರ್ ಡ್ರೈವ್ ನೋಡಿ "ಈ ಟೈರು ಗಟ್ಟಿ" ಅಂತ ಯಾರೂ ಅಂದುಕೊಳ್ಳಲಿಲ್ಲ. ಆದರೆ ಹಳೇ ಸ್ಕೂಟರಿನ ಟೈರು ಸವೆದು ಅಂಗಡಿಗೆ ಹೋದಾಗ, ಮುಂದಿಟ್ಟ ಮೂರು ಹೆಸರಿನಲ್ಲಿ ನನ್ನ ಕೈ ಹೋದದ್ದು ಅದೇ ಹೆಸರಿನ ಕಡೆಗೆ. ಯಾಕೆ ಅಂತ ಆಗ ಯೋಚಿಸಲೂ ಇಲ್ಲ.

ಗ್ರಾಂಟ್ ಮೆಕ್‌ಕ್ರಾಕನ್ ಎಂಬ ಮಾನವಶಾಸ್ತ್ರಜ್ಞ 1989ರಲ್ಲಿ ಇದನ್ನೇ ದೊಡ್ಡದಾಗಿ ಬರೆದ: ಆಟಗಾರನಿಗೆ ಅಂಟಿದ ಅರ್ಥ ವಸ್ತುವಿಗೆ ದಾಟುತ್ತದೆ, ವಸ್ತುವಿನಿಂದ ಕೊಂಡವನಿಗೆ. ನಮ್ಮ ಹಿರಿಯರು ಹೂವಿನಿಂದ ನಾರು ಸ್ವರ್ಗ ಸೇರಿತು ಅಂದದ್ದೂ ಅದೇ. ನಾರು ಕೊಂಡವನೂ ಜೊತೆಗೆ ಸೇರುತ್ತಾನೆ ಅನ್ನುವುದಷ್ಟೇ ಆತ ಹೆಚ್ಚಿಗೆ ಹೇಳಿದ್ದು.

ಇನ್ನೊಬ್ಬರ ಮಾತಿನ ಮೇಲೆ ವಸ್ತು ಕೊಳ್ಳುವುದು ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮಪ್ಪ ತೊಗರಿ ಒಯ್ಯುತ್ತಿದ್ದದ್ದು ಇಲ್ಲಿಯ ಕಾಳಿನ ಪೇಟೆ ನೆಹರೂ ಗಂಜ್‌ಗೆ, ಮೊದಲಿನಿಂದ ಕೊನೆತನಕ ಒಂದೇ ಅಡತ್ (ದಲಾಲಿ) ಅಂಗಡಿಗೆ. (ನಮ್ಮ ತೊಗರಿಬ್ಯಾಳಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನೋ ಸರಕಾರಿ ಗುರುತು, ಸಿಕ್ಕಿದೆ. ಆಟಗಾರನೊಬ್ಬ ಬಂದು ಚೀಲದ ಮುಂದೆ ನಿಂತರೆ ರೇಟು ಏರೀತೇನೋ, ಆ ಮಾತು ಬ್ಯಾರೆ.) ಬೀಜ ಯಾವುದು ಒಯ್ಯಲಿ, ಹುಳಕ್ಕ ಎಣ್ಣಿ ಯಾವುದು ಹೊಡೀಲಿ ಅಂತ ಅಪ್ಪ ಕೇಳುತ್ತಿದ್ದದ್ದೂ ಆ ಸಾವ್ಕಾರರನ್ನೇ. "ನನ್ನ ಮಾತಿನ ಮ್ಯಾಲ ಒಯ್ರಿ" ಅನ್ನೋರು. ಒಮ್ಮೆ ಬೀಜ ಸರಿಯಾಗಿ ಮೊಳೆಯಲಿಲ್ಲ. ಅಪ್ಪ ಹೋಗಿ ಅಂಗಡಿಯ ಗಾದಿ ಮೇಲೆ ಕೂತು, ಚಹಾ ಬ್ಯಾಡಂತ, ಸಂಜೆತನಕ ಏಳಲಿಲ್ಲ. ಕೊನೆಗೆ ಸಾವ್ಕಾರರು ಅರ್ಧ ರೊಕ್ಕ ಲೆಕ್ಕದಲ್ಲಿ ಮುರಿದುಕೊಂಡರು. ಮಾತು ಕೊಟ್ಟ ಮನುಷ್ಯ ಕೈಗೆ ಸಿಗುತ್ತಿದ್ದ.

ನನ್ನ ಸರದಿ ಬಂದಾಗ ಹೋಗಿ ಕೂರುವುದಕ್ಕೆ ಗಾದಿಯೇ ಇರಲಿಲ್ಲ. ಎರಡು ಐಪಿಎಲ್ ಸೀಸನ್ ಮೊಬೈಲಿನಲ್ಲಿ ದುಡ್ಡಿಟ್ಟು ಟೀಮ್ ಕಟ್ಟಿ ಆಡಿದೆ. ಯಾವ ಆಪ್ ಅಂತ ಕೇಳಬ್ಯಾಡ್ರಿ. ನಾನು ಸಣ್ಣವನಿದ್ದಾಗಿಂದ ಮೆಚ್ಚಿದ ಆಟಗಾರ ಓವರ್ ಓವರಿನ ನಡುವೆ ಅದರ ಜಾಹೀರಾತಿನಲ್ಲಿ ಬಂದು, ಬುದ್ಧಿ ಇದ್ದವರ ಆಟ ಅನ್ನೋ ಹಂಗ ನಗುತ್ತಿದ್ದ. ಹಿಂದೆಯೇ "ಆರ್ಥಿಕ ಅಪಾಯವಿದೆ, ಚಟವಾಗಬಹುದು" ಅನ್ನೋ ಸಾಲು, ಬಸ್ ಕಂಡಕ್ಟರ್ ಊರ ಹೆಸರು ಕೂಗಿದ ಹಂಗ, ಒಂದೇ ಉಸಿರಿನಲ್ಲಿ. ನಲವತ್ತೊಂಬತ್ತು ರೂಪಾಯಿಯಿಂದ ಶುರು. ಹನ್ನೊಂದು ಸಾವಿರ ಹೋಯಿತು. ಹೆಂಡತಿಗೆ ಆರು ಸಾವಿರ ಅಂತ ಹೇಳಿದ್ದೇನೆ, ಈ ಪೋಸ್ಟ್ ಆಕೆ ಓದಿದರೆ ಮುಂದಿನದು ದೇವರ ಇಚ್ಛೆ.

ಕಾನೂನು ಇಲ್ಲವೇ? ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿನಲ್ಲಿ ನಿಂತವರಿಗೆ 10 ಲಕ್ಷದವರೆಗೆ ದಂಡ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ. ಕೋಟಿಗಳ ಒಪ್ಪಂದ ಮಾಡುವವರಿಗೆ ಇದು ಚಹಾದ ಖರ್ಚು. ನಿಜವಾಗಿ ಕಚ್ಚುವುದು ಇನ್ನೊಂದು ಕಲಂ: ಒಂದು ವರ್ಷ, ಮತ್ತೆ ತಪ್ಪಿದರೆ ಮೂರು ವರ್ಷದ ತನಕ ಯಾವ ಜಾಹೀರಾತಿನಲ್ಲೂ ಕಾಣಿಸದಂತೆ ನಿಷೇಧಿಸಬಹುದು. ಆದರೆ ಹೇಳಿದ್ದನ್ನು ಪರಿಶೀಲಿಸಿಯೇ ಹೇಳಿದ್ದೇನೆ ಅಂತ ತೋರಿಸಿದರೆ ಪಾರು. 2025ರ ಆಗಸ್ಟ್‌ನಲ್ಲಿ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದರು, ಅವುಗಳ ಜಾಹೀರಾತಿಗೂ ಜೈಲು, ದಂಡ ಇಟ್ಟರು. ನನ್ನ ಹನ್ನೊಂದು ಸಾವಿರ ಅಷ್ಟರೊಳಗೆ ಊರು ಬಿಟ್ಟಿತ್ತು.

ಬ್ಯಾಡ ಅಂದವರೂ ಇದ್ದಾರೆ. 2001ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದ ಗೋಪಿಚಂದ್, ತಾನು ಕುಡಿಯದ ಕೋಲಾ ಮಾರುವುದಿಲ್ಲ ಅಂದರು. ಆಗ ಅವರೇನು ಶ್ರೀಮಂತರಲ್ಲ, ಬ್ಯಾಡ್ಮಿಂಟನ್ ಆಡುವವರ ಹಿಂದೆ ಕಂಪನಿಗಳು ಸಾಲುಗಟ್ಟಿ ನಿಂತ ಕಾಲವೂ ಅಲ್ಲ. 2017ರಲ್ಲಿ ಕೊಹ್ಲಿಯೂ ಪೆಪ್ಸಿ ಒಪ್ಪಂದ ಮುಂದುವರಿಸಲಿಲ್ಲ. ಇತ್ತ ನಮ್ಮ ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದ್ದರೂ, ಪಾನ್ ಮಸಾಲದ ಹೆಸರು ಹೊತ್ತ ಏಲಕ್ಕಿ ಹಿಡಿದು ಹಳೇ ದೊಡ್ಡ ಆಟಗಾರರು ಟಿವಿಯಲ್ಲಿ ನಗುತ್ತಾರೆ. ಪಾನ್ ಡಬ್ಬಿ ಮುಂದೆ ನಿಂತು "ಏಲಕ್ಕಿ ಕೊಡ್ರಿ" ಅಂದವನನ್ನು ನಾನಂತೂ ಇನ್ನೂ ಕಂಡಿಲ್ಲ.

ದಸರಾ ರಜೆಯಲ್ಲಿ ಜೇವರ್ಗಿ ಹುಡುಗ ಮತ್ತೆ ಬಂದಿದ್ದ, ಈ ಸಲ ಮಾವನ ಜೊತೆ. ಬ್ಯಾಟಿನ ಗ್ರಿಪ್ ಹರಿದು ಹಿಡಿಕೆಯ ದಾರ ಹೊರಬಿದ್ದಿತ್ತು. ಸ್ಟಿಕರಿನಲ್ಲಿ 'ಎಫ್' ಮಾತ್ರ ಉಳಿದಿತ್ತು.

"ಗ್ರಿಪ್ ಹಾಕ್ಲೇನೋ? ಕೈ ಜಾರ್ತದ."

"ಗ್ರಿಪ್ ಇರ್ಲಿ ಬಿಡ್ರಿ ಕಾಕಾ, ಸ್ಟಿಕರ್ ಹಾಕ್ರಿ."

ಮೂವತ್ತು ರೂಪಾಯಿ ತಗೊಂಡು ಅಂಟಿಸಿ ಕೊಟ್ಟೆ.