ಚಾರ್ಜರ್ ಮುಂದೆ ಕೂತವನ ಅಳಲು

ಇವಿ, ಅಂದ್ರೆ ಕರೆಂಟ್ ಕಾರು ತಗೊಳೋವಾಗ ಎಲ್ರೂ ರೇಂಜ್ ಎಷ್ಟು, ಒಂದ್ಸಲ ಚಾರ್ಜ್ ಮಾಡಿದ್ರೆ ಎಷ್ಟು ದೂರ ಹೋಗತ್ತೆ ಅಂತ ಕೇಳ್ತಾರೆ, ಚಾರ್ಜರ್ ಮುಂದೆ ಎಷ್ಟೊತ್ತು ಕಾಯ್ಬೇಕು ಅಂತ ಯಾರೂ ಕೇಳಲ್ಲ, ನಾನೂ ಕೇಳ್ಲಿಲ್ಲ ಬಿಡಿ. ಮೊನ್ನೆ ಹೈವೇಲಿ ಬ್ಯಾಟರಿ 18 ಪರ್ಸೆಂಟ್ ಇಟ್ಕೊಂಡು ಚಾರ್ಜಿಂಗ್ ಸ್ಟೇಷನ್ನಿಗೆ ಹೋದ್ರೆ ಅಲ್ಲಿ ಇದ್ದಿದ್ದೇ ಎರಡು ಚಾರ್ಜಿಂಗ್ ಗನ್, ಒಂದರ ಸ್ಕ್ರೀನ್ ಸತ್ತು ಮಲಗಿದೆ, ಇನ್ನೊಂದಕ್ಕೆ ಯಾರೋ ಪುಣ್ಯಾತ್ಮ ಕಾರ್ ಸಿಕ್ಕಿಸಿ ಸೀಟು ಹಿಂದಕ್ಕೆ ಬಗ್ಗಿಸ್ಕೊಂಡು ಗೊರಕೆ ಹೊಡೀತಿದಾನೆ. 80 ಆಯ್ತಲ್ಲ ಗುರು, ತೆಗೀರಿ ಅಂದ್ರೆ ಇಲ್ಲ ಸಾರ್ 100 ಆಗ್ಲಿ ಅಂತಾನೆ! 80 ದಾಟಿದ್ಮೇಲೆ ಬ್ಯಾಟರಿ ಕಾಪಾಡ್ಕೊಳೋಕೆ ಕಾರೇ ಕರೆಂಟ್ ಕಮ್ಮಿ ಎಳ್ಕೊಳತ್ತೆ, ಕೊನೇ 20 ಪರ್ಸೆಂಟು ಆಮೆ ನಡಿಗೆ, ಇದನ್ನ ಅವನಿಗೆ ಹೇಳೋರ್ಯಾರು.

ಇನ್ನು ರೇಂಜು, ಟೆಸ್ಟಲ್ಲಿ ಬಂದಿದ್ದು ರೋಡಲ್ಲಿ ಬರಲ್ಲ, ಸ್ಪೀಡ್ ಏರಿಸಿದ್ರೆ ಇಳಿಯತ್ತೆ, ಚಳಿ ಇದ್ರೆ ಇನ್ನೂ ಇಳಿಯತ್ತೆ.

ಬೆಂಕಿ ವಿಷಯ ಬೇರೆ. ಪೆಟ್ರೋಲ್ ಕಾರೂ ಉರಿಯತ್ತೆ, ಒಪ್ಪೋಣ, ಆದ್ರೆ ಲಿಥಿಯಂ ಬ್ಯಾಟರಿ ಒಂದ್ಸಲ ಹತ್ಕೊಂಡ್ರೆ ಒಂದು ಸೆಲ್ಲಿನ ಬಿಸಿ ಪಕ್ಕದ ಸೆಲ್ಲಿಗೆ ಹಬ್ಬತ್ತೆ, ಆರಿತು ಅಂದ್ಕೊಂಡ ಮೇಲೆ ಗಂಟೆಗಟ್ಲೆ ಬಿಟ್ಟು ಮತ್ತೆ ಹತ್ಕೊಂಡಿದ್ದೂ ಇದೆ. ರಾತ್ರಿ ಮನೆ ಕೆಳಗೆ ಚಾರ್ಜಿಗೆ ಹಾಕಿ ಮಲಗಿದ್ರೆ ಒಂದ್ಸಲ ಎದ್ದು ಇಣುಕಿ ನೋಡೋ ಚಾಳಿ ನಂಗೆ ಇವತ್ತಿಗೂ ಹೋಗಿಲ್ಲ.

ಇಷ್ಟರ ಮೇಲೆ ಪರಿಸರ ಪ್ರೇಮಿ ಅನ್ನೋ ಬಿರುದು ಬೇರೆ. ಕಲ್ಲಿದ್ದಲು ಸುಟ್ಟ ಕರೆಂಟಲ್ಲೇ ಚಾರ್ಜ್ ಮಾಡಿದ್ರೆ ಹೊಗೆ ಜಾಗ ಬದಲಾಯಿಸ್ತು ಅಷ್ಟೇ. ಕೋಬಾಲ್ಟ್ ಅನ್ನೋ ಲೋಹ ಹಾಕಿದ ಬ್ಯಾಟರಿ ಆದ್ರೆ ಅದು ಬರೋ ಆಫ್ರಿಕಾದ ಕಾಂಗೋ ಗಣಿ ಕಥೆ, ಅಲ್ಲಿ ಮಕ್ಕಳೂ ದುಡೀತಾರೆ. ಪೆಟ್ರೋಲ್ ಕಾರಿಗಿಂತ ವಾಸಿನೇ ಇರ್ಬಹುದು ಲೆಕ್ಕ ಹಾಕಿದ್ರೆ, ಆದ್ರೆ ಆ ಹಸಿರು ಎಲೆ ಸ್ಟಿಕ್ಕರ್ ನೋಡಿದ್ರೆ ಮೈ ಉರಿಯತ್ತೆ.

ಅಂದಹಾಗೆ ಆ ಮಹಾನುಭಾವ 97ಕ್ಕೆ ಎದ್ದ.