ಧಾರೆಗೆ ಹೆತ್ತಮ್ಮ ಬೇಡವಾ?

ನಿನ್ನೆ ತಿಪಟೂರಲ್ಲಿ ಒಂದು ಮದುವೆ ಮುಗಿಸ್ಕೊಂಡು ಬಂದೆ, ರಾತ್ರಿಯೆಲ್ಲಾ ನಿದ್ದೆ ಇಲ್ಲ. ಹೊಟ್ಟೆಯೊಳಗಿನ ಸಂಕಟ ಇಲ್ಲಿ ಹೇಳ್ಕೊಳ್ತಿದೀನಿ.

ಹುಡುಗಿ ಎಂಟನೇ ಕ್ಲಾಸಲ್ಲಿದ್ದಾಗ ಅವಳಪ್ಪ ಹೋದ್ರು. ಅವಳಮ್ಮ, ನಾನು ಅಕ್ಕ ಅಂತೀನಿ, ಹೊಲಿಗೆ ಮಿಷನ್ ತುಳಿದು, ಸೀರೆಗೆ ಫಾಲ್ ಹಾಕಿ, ಮಗಳನ್ನ ಇಂಜಿನಿಯರಿಂಗ್ ಓದಿಸಿದ್ರು. ಛತ್ರದ ಅಡ್ವಾನ್ಸಿಂದ ಧಾರೆ ಸೀರೆ ತನಕ ಎಲ್ಲಾ ಅವರದ್ದೇ ದುಡಿಮೆ. ಮುಹೂರ್ತಕ್ಕೆ ಮಣೆ ಮೇಲೆ ಕೂತಿದ್ದು ಮಾತ್ರ ಚಿಕ್ಕಪ್ಪ ಚಿಕ್ಕಮ್ಮ. ಧಾರೆ ಎರೆಯೋಕೆ ದಂಪತಿನೇ ಬೇಕಂತೆ.

ಅಕ್ಕ ಎಲ್ಲಿ ಅಂತ ಹುಡುಕಿದ್ರೆ ಊಟದ ಹಾಲ್ ಬಾಗಿಲಲ್ಲಿ ನಿಂತಿದಾರೆ. "ಬನ್ನಿ ಅಕ್ಕಾ" ಅಂದೆ. "ಬೇಡ ಕಣೇ, ಮಗು ಚೆನ್ನಾಗಿದ್ರೆ ಸಾಕು, ನಾನು ಎದುರಿಗೆ ಬರಬಾರ್ದು" ಅಂದ್ರು. ಅಷ್ಟು ವರ್ಷ ಸಾಕಿದೋರು ತನ್ನ ನೆರಳೇ ಮಗಳಿಗೆ ಆಗಲ್ಲ ಅಂತ ನಂಬ್ಕೊಂಡು ನಿಂತಿದ್ರು. ಗಟ್ಟಿಮೇಳ ಆಯ್ತು, ತೆಂಗಿನಕಾಯಿ ಮೇಲೆ ಹಾಲೆರೆಯೋಕೆ ಕ್ಯೂ ನಿಂತ್ರು, ಪಕ್ಕದ ಬೀದಿಯವರು, ಹುಡುಗನ ಆಫೀಸಿನವರು, ನಾನೂ ಎರೆದೆ. ಹೆತ್ತೋಳು ಮಾತ್ರ ಎರೀಲಿಲ್ಲ.

ಶಾಸ್ತ್ರ ಒಪ್ಪಲ್ಲ ಅಂತಾರೆ. ಯಾವ ಶಾಸ್ತ್ರ? ಯಾಜ್ಞವಲ್ಕ್ಯ ಸ್ಮೃತಿಲಿ ಕನ್ಯಾದಾನ ಯಾರು ಮಾಡಬಹುದು ಅಂತ ಸಾಲಾಗಿ ಹೇಳಿದೆ, ತಂದೆ, ತಾತ, ಅಣ್ಣತಮ್ಮ, ಕುಲದವರು, ಆಮೇಲೆ ತಾಯಿ. ಕೊನೇಲಿ ಇಟ್ಟಿದಾರೆ ಅನ್ನೋದಕ್ಕೂ ನಂಗೆ ಬೇಜಾರಿದೆ, ಆದ್ರೆ ಹೆಸರಂತೂ ಇದೆ! ಯಾರೂ ಕೊಡೋರಿಲ್ಲದಿದ್ರೆ ಹುಡುಗಿ ತಾನೇ ವರನನ್ನ ಆರಿಸ್ಕೊಳ್ಳಲಿ ಅಂತಾನೂ ಅದೇ ಹೇಳುತ್ತೆ. ವಂಶದ ಹೆಸರು ಹೇಳೋ ಪ್ರವರದಲ್ಲಂತೂ ಅಷ್ಟೂ ಇಲ್ಲ, ಮುತ್ತಜ್ಜ, ಅಜ್ಜ, ಅಪ್ಪ ಅಂತ ಮೂರು ತಲೆಮಾರಿನ ಗಂಡಸರ ಹೆಸರು ಕೂಗಿದ್ರು, ಅಕ್ಕನ ಹೆಸರು ಒಂದ್ಸಲನೂ ಬರ್ಲಿಲ್ಲ.

ದಾನ ಅನ್ನೋದೇ ತಪ್ಪು, ಧಾರೆನೇ ಬಿಟ್ಬಿಡಿ ಅಂತ ಕೆಲವು ಫ್ರೆಂಡ್ಸ್ ಹೇಳ್ತಾರೆ. ಬಿಡೋರು ಬಿಡ್ಲಿ, 1966ರಲ್ಲೇ ಕುವೆಂಪು ಮಗ ತೇಜಸ್ವಿ ಮದುವೆನ ಪುರೋಹಿತರಿಲ್ಲದ ಸರಳ ಮಂತ್ರಮಾಂಗಲ್ಯದಲ್ಲಿ ಮಾಡಿದ್ರಲ್ಲ. ಕಾನೂನಿಗೂ ಕನ್ಯಾದಾನ ಬೇಕಿಲ್ಲ, 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿರೋದು ಸಪ್ತಪದಿ, ಅಲಹಾಬಾದ್ ಹೈಕೋರ್ಟ್ 2024ರಲ್ಲಿ ಇದನ್ನೇ ಹೇಳ್ತು. ಆದ್ರೆ ಈ ಹುಡುಗಿಗೆ ಧಾರೆ ಬೇಕಿತ್ತು, ಅಮ್ಮನ ಕೈಯಿಂದ ಬೇಕಿತ್ತು. ಹಿಂದಿನ ದಿನ ರಾತ್ರಿ ಅತ್ತು ಕೇಳಿದ್ಲಂತೆ, ಹಿರಿಯರು ಗದರಿಸಿ ಕೂರಿಸಿದ್ರಂತೆ.

ನಂಗ್ಯಾಕೆ ಇಷ್ಟು ಸಿಟ್ಟು ಅಂದ್ರೆ, ನನ್ನ ಮದುವೆಲೂ ನನ್ನ ಸಾಕಿದ ಅಜ್ಜಿ ಅಡುಗೆಮನೆ ಹತ್ರಾನೇ ಕೂತಿದ್ರು. ಕೆಂಪು ಸೀರೆ ಉಟ್ಕೊಂಡು ಮಂಟಪದಲ್ಲಿ ನಗ್ತಾ ನಿಂತಿದ್ದ ನಾನು ಒಂದ್ಸಲನೂ ಕರೀಲಿಲ್ಲ. ಅಜ್ಜಿ ಈಗಿಲ್ಲ.

ಸಂಜೆ ಛತ್ರದ ಮ್ಯಾನೇಜರ್ ಬಿಲ್ ಹಿಡ್ಕೊಂಡು ಬಂದು "ಹೆಣ್ಣಿನ ಕಡೆ ಯಜಮಾನ್ರು ಯಾರ್ರೀ" ಅಂತ ಕೂಗಿದಾಗ, ಚಿಕ್ಕಪ್ಪ ಎದ್ದೇಳ್ಲಿಲ್ಲ. ಅಕ್ಕನೇ ಪರ್ಸ್ ತಗೊಂಡು ಹೋದ್ರು.