ಕೊಯ್ಲಿನ ಹೊತ್ತಲ್ಲಿ ನ್ಯೂಜಿಲೆಂಡಾ?

ಫ್ಲೈ ಫಿಶಿಂಗ್‌ಗೆ, ಅಂದರೆ ಹುಳದಂತೆ ಕಾಣುವ ಕೃತಕ ಗಾಳದಲ್ಲಿ ಮೀನು ಹಿಡಿಯೋದಕ್ಕೆ, ಡಿಸೆಂಬರಿನಲ್ಲಿ ನ್ಯೂಜಿಲೆಂಡಿಗೆ ಹೋಗಿ ಅಂತ ಲೇಖನದಲ್ಲಿ ಹೇಳಿದ್ದೀರಿ. ಮೂಡಿಗೆರೆ ಕಡೆಯ ನಮಗೆ ಅದು ಆಗದ ಮಾತು. ಆಗ ಅರೇಬಿಕಾ ಕಾಫಿ ಕೊಯ್ಲು, ಆಳುಗಳಿಗಾಗಿ ಪರದಾಟ, ತೋಟ ಬಿಟ್ಟು ಯಾರು ಹೋಗುತ್ತಾರೆ? ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ, ಏಪ್ರಿಲ್ ವಾಸಿ. ಅಲ್ಲಿನ ಬಹಳಷ್ಟು ನದಿಗಳಲ್ಲಿ ಆ ತಿಂಗಳ ಕೊನೆಯವರೆಗೂ ಟ್ರೌಟ್ ಹಿಡಿಯಬಹುದು.

ನದಿಗಿಳಿಯುವಾಗ ಹಾಕುವ ಬೂಟಿನ ವಿಷಯ ಮಾತ್ರ ನೀವು ಬರೆದೇ ಇಲ್ಲ! ಡಿಡಿಮೋ ಅನ್ನುವ ಪಾಚಿ ಅಂಟಿಕೊಂಡು ಹರಡುತ್ತದೆ ಅಂತ ಫೆಲ್ಟ್ (ಒತ್ತಿ ಮಾಡಿದ ಉಣ್ಣೆಯಂಥ ಬಟ್ಟೆ) ಅಡಿಯ ಬೂಟನ್ನು ಅಲ್ಲಿ 2008ರಲ್ಲೇ ನಿಷೇಧಿಸಿದ್ದಾರೆ. ರಬ್ಬರ್ ಅಡಿಯದ್ದೇ ಬೇಕು. ಅದರ ಹೊಲಿಗೆ ಸಂದಿಯಲ್ಲೂ ನಮ್ಮ ಹಳ್ಳದ ಕೆಸರು ಉಳಿಯದ ಹಾಗೆ ಬ್ರಷ್ ಹಾಕಿ ತೊಳೆದು, ಪೂರ್ತಿ ಒಣಗಿಸಿ ಒಯ್ಯಬೇಕು. ಬಳಸಿದ ಮೀನುಗಾರಿಕೆ ಸಾಮಾನು ಇದೆ ಅಂತ ಅಲ್ಲಿನ ವಿಮಾನ ನಿಲ್ದಾಣದಲ್ಲಿ ತಿಳಿಸುವುದು ಕಡ್ಡಾಯ.

ಅಷ್ಟು ದೂರ ಬೇಡ ಅನ್ನುವವರಿಗೆ ಕಾಶ್ಮೀರದ ಲಿಡ್ಡರ್ ನದಿ ಇದೆಯಲ್ಲ, ಮೀನುಗಾರಿಕೆ ಇಲಾಖೆಯ ಪರ್ಮಿಟ್ ಮೊದಲೇ ಮಾಡಿಸಿಕೊಳ್ಳಿ.